ನಕ್ಷತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ?

ಸೊರಬ ತಾಲ್ಲೂಕಿನ ಜಡೆಯಂಥ ಊರಿನ ಅಂಗಳದಲ್ಲಿ ರಾತ್ರಿ ನಿಂತರೆ ಪೇಟೆಯ ಮಕ್ಕಳಿಗೆ ಕಾಣದಷ್ಟು ನಕ್ಷತ್ರಗಳು. ಆದರೆ ‘ನಾನು ಇದನ್ನೇ ಓದುತ್ತೇನೆ’ ಎಂದು ಮಗಳು ಹೇಳಿದರೆ ಹೆತ್ತವರಿಗೆ ದಿಗಿಲು: ನಕ್ಷತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ?

ಹುಬ್ಬಳ್ಳಿಯಲ್ಲಿ ಬೆಳೆದು, ಅಲ್ಲೇ ಶಾಲೆ ಕಲಿತ ಶ್ರೀನಿವಾಸ ಕುಲಕರ್ಣಿಯವರ ದಾರಿ ನೋಡಿ. ಲೇಖಕಿ ಸುಧಾ ಮೂರ್ತಿಯವರ ತಮ್ಮನಾದ ಇವರು 1978ರಲ್ಲಿ ದೆಹಲಿಯ ಐಐಟಿಯಲ್ಲಿ ಭೌತವಿಜ್ಞಾನದ ಎಂ.ಎಸ್. ಮುಗಿಸಿ, ಅಮೆರಿಕದ ಬರ್ಕ್ಲಿಯಲ್ಲಿ ಸಂಶೋಧನೆಗೆ ಸೇರಿದರು. 1982ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಡೊನಾಲ್ಡ್ ಬೇಕರ್ ಅವರ ತಂಡದೊಡನೆ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಸೆಕೆಂಡಿಗೆ 642 ಸಲ ಗಿರಕಿ ಹೊಡೆಯುವ ‘ಪಲ್ಸಾರ್’ ನಕ್ಷತ್ರವನ್ನು ಪತ್ತೆ ಹಚ್ಚಿದರು.

ಇಂಥ ಪಲ್ಸಾರ್‌ನ ರೇಡಿಯೋ ಮಿಡಿತ ಗಡಿಯಾರದಷ್ಟು ನಿಖರ. ಇನ್ನೊಂದು ಪಲ್ಸಾರ್‌ನ ಮಿಡಿತ ಕೊಂಚ ಬೇಗ, ಕೊಂಚ ತಡವಾಗಿ ಬರುವುದನ್ನು ವೊಲ್ಷ್‌ಚಾನ್ ಮತ್ತು ಫ್ರೇಲ್ ಗಮನಿಸಿದರು. ಅದಕ್ಕೆ ಕಾರಣ, ಸುತ್ತುವ ಗ್ರಹಗಳ ಎಳೆತ! 1992ರಲ್ಲಿ ಪ್ರಕಟವಾದ ಈ ಗ್ರಹಗಳೇ ಸೌರವ್ಯೂಹದ ಹೊರಗೆ ಖಚಿತವಾಗಿ ಸಿಕ್ಕ ಮೊದಲನೆಯವು. 1995ರಲ್ಲಿ ಕುಲಕರ್ಣಿ ಮತ್ತು ಸಂಗಡಿಗರು ನಕ್ಷತ್ರಕ್ಕೂ ಗ್ರಹಕ್ಕೂ ನಡುವಿನ ‘ಕಂದು ಕುಬ್ಜ’ವೊಂದನ್ನು ತೋರಿಸಿಕೊಟ್ಟರು. 2024ರ ಷಾ ಪ್ರಶಸ್ತಿ ಕುಲಕರ್ಣಿಯವರಿಗೆ ಸಂದಿತು.

ಹಾಗಾದರೆ ಗ್ರಹ ಹುಟ್ಟುವುದು ಹೇಗೆ? ಎಳೆಯ ನಕ್ಷತ್ರದ ಸುತ್ತ ಅನಿಲ, ದೂಳಿನ ತಟ್ಟೆ ತಿರುಗುತ್ತಿರುತ್ತದೆ. ಕಣಕ್ಕೆ ಕಣ ಅಂಟಿ ಉಂಡೆಯಾಗುತ್ತದೆ. ದೂಳು ಬೆಳಕನ್ನು ತಡೆಯುತ್ತದೆ. ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳು ಮಾತ್ರ ನುಸುಳಿ ಬರುತ್ತವೆ. ಚಿಲಿ ದೇಶದ ‘ಆಲ್ಮಾ’ ದೂರದರ್ಶಕ 2014ರಲ್ಲಿ ಸುಮಾರು 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿಯ ಚಿತ್ರ ತೆಗೆದಾಗ, ದೂಳಿನ ತಟ್ಟೆಯಲ್ಲಿ ಗ್ರಾಮಫೋನ್ ಪ್ಲೇಟಿನಂಥ ಗೆರೆಗಳು ಕಂಡವು. ಅವು ಹುಟ್ಟುತ್ತಿರುವ ಗ್ರಹಗಳು ಗುಡಿಸಿದ ಜಾಡು ಎಂಬುದು ಅನೇಕರ ಅಭಿಪ್ರಾಯ.

ಈ ವಿದ್ಯೆಗೆ ದಾರಿ ಇದೆ. ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ, ಮುಂದೆ ಎಂ.ಎಸ್ಸಿ. ಇಲ್ಲವೇ ಎಂಜಿನಿಯರಿಂಗ್; ಆಮೇಲೆ ‘ಜೆಸ್ಟ್’ನಂಥ ಪ್ರವೇಶ ಪರೀಕ್ಷೆ. ಬೆಂಗಳೂರಿನಲ್ಲೇ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಗಳಿವೆ. ಪುಣೆಯಲ್ಲಿ ರೇಡಿಯೋ ಖಗೋಳ ಕೇಂದ್ರವಿದೆ. ಆಯ್ಕೆಯಾದವರಿಗೆ ಪ್ರತಿ ತಿಂಗಳೂ ಸಂಶೋಧನಾ ವೇತನ ಸಿಗುತ್ತದೆ. ಕಾಯಂ ಹುದ್ದೆಗಳು ಕಡಿಮೆ ಎಂಬುದನ್ನು ಮಾತ್ರ ಮಕ್ಕಳಿಂದ ಮುಚ್ಚಿಡಬೇಡಿ. ಕಲಿತ ಗಣಿತ, ಕಂಪ್ಯೂಟರ್ ಬೇರೆಡೆಯೂ ಕೈಹಿಡಿಯುತ್ತವೆ.

ಪಾಲಕರೇ, ಸುಗ್ಗಿ ಕಾಲದ ಒಂದು ರಾತ್ರಿ ಮಗಳಿಗೆ ರೋಹಿಣಿ ನಕ್ಷತ್ರವನ್ನು ತೋರಿಸಿ. ಎಚ್‌ಎಲ್ ಟೌರಿ ಇರುವುದೂ ಅದೇ ವೃಷಭ ರಾಶಿಯಲ್ಲಿ. ಬರಿಗಣ್ಣಿಗೆ ಅದು ಕಾಣದು. ‘ಹಾಗಾದರೆ ಕಾಣುವುದು ಹೇಗೆ?’ ಎಂದು ಅವಳು ಕೇಳಿದರೆ, ಗದರಬೇಡಿ. ದಾರಿ ಶುರುವಾಗುವುದೇ ಅಲ್ಲಿಂದ.