ಹೆಸರು ಗೊತ್ತು, ಕತೆ ಗೊತ್ತಿಲ್ಲ

ಬಾನು ಮುಷ್ತಾಕ್ ಯಾರು ಎಂದು ಕೇಳಿದರೆ ಉತ್ತರ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಸಿಗಲಿಕ್ಕಿಲ್ಲ. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅವರದೇ ಫೋಟೋ. ಅದೇ ಸೆಪ್ಟೆಂಬರಿನಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಬಹುದೋ ಬಾರದೋ ಎಂದು ಟಿ.ವಿ.ಯಲ್ಲಿ ದಿನಗಟ್ಟಲೆ ಜಗಳ ನಡೆದಾಗ ನಾವೂ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಬೇಕಾದಷ್ಟು ಮಾತಾಡಿದೆವು. ಆದರೆ ಅವರು ಬರೆದ ಒಂದು ಕತೆಯನ್ನು ಹೇಳಿ ಎಂದರೆ? ನನ್ನ ಕ್ಲಾಸಿನಲ್ಲಿ ಕೇಳಿ ನೋಡಿದೆ. ಒಬ್ಬಳು ತಟ್ಟನೆ 'ಹಾರ್ಟ್ ಲ್ಯಾಂಪ್' ಎಂದಳು. ಅದರೊಳಗೆ ಏನುಂಟು ಮಾರಾಯ್ತಿ ಎಂದರೆ ನಕ್ಕು ಸುಮ್ಮನಾದಳು.

ಓದದಿದ್ದರೆ ಓದಲಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಅಕೌಂಟೆನ್ಸಿ ಲೆಕ್ಕವೇ ತಾಳೆಯಾಗದಿರುವಾಗ ಕತೆ ಯಾರಿಗೆ ಬೇಕು? ನನ್ನ ತಕರಾರು ಇರುವುದು ಓದದೆ ಅಭಿಪ್ರಾಯ ಇಟ್ಟುಕೊಳ್ಳುವುದರ ಬಗ್ಗೆ. ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ಅವರು ನಮ್ಮ ಹೆಮ್ಮೆ. ಇನ್ನೊಂದು, ಇಂಥವರು ಮನೆಯ ಮಾತನ್ನು ಬೀದಿಗೆ ತರುವವರು, ಸಮುದಾಯದ ಮರ್ಯಾದೆ ತೆಗೆಯುವವರು. ಎರಡನ್ನೂ ಹೇಳುವವರ ಕೈಯಲ್ಲಿ ಪುಸ್ತಕ ಮಾತ್ರ ಇರುವುದಿಲ್ಲ. ಈ ವರ್ಷ ಸಿದ್ಧಕಟ್ಟೆಯಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನಗಳಲ್ಲೆಲ್ಲ ನಾನು ಓದಿದ್ದು ಹೆಚ್ಚಾಗಿ ಇಂಥ ಕತೆಗಳನ್ನೇ. ಅದರ ಧೈರ್ಯದ ಮೇಲೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಓದಿದ್ದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾದ ಕಾದಂಬರಿ. ಸಾರಾ ಅವರು ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದವರು. 2023ರ ಜನವರಿಯಲ್ಲಿ ತೀರಿಕೊಂಡರು. ಕಾದಂಬರಿ ತೆಳ್ಳಗಿದೆ. ನಾದಿರಾ ಎಂಬ ಹುಡುಗಿ, ಅವಳ ಮೇಲೆ ಪ್ರೀತಿಯಿರುವ ಗಂಡ ರಶೀದ್, ಹಣಕ್ಕಾಗಿ ಅಳಿಯನ ಮೇಲೆ ಸಿಟ್ಟಾಗುವ ತಂದೆ ಮಹಮ್ಮದ್ ಖಾನ್. ಮಗಳನ್ನು ತವರಿಗೆ ಕರೆತಂದ ತಂದೆ ಮತ್ತೆ ಕಳಿಸುವುದೇ ಇಲ್ಲ, ತಲಾಖ್ ಆಗುವ ತನಕ ಬಿಡುವುದೂ ಇಲ್ಲ. ಗಂಡ ಹೊಳೆಯ ಆಚೆ ದಡದಲ್ಲಿ, ಹೆಂಡತಿ ಈಚೆ ದಡದಲ್ಲಿ. ನೇತ್ರಾವತಿಯನ್ನು ದಿನಾ ನೋಡುವ ನಮಗೆ ಆ ದೂರ ಎಷ್ಟೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತೆ ಒಂದಾಗಬೇಕಾದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕು ಎಂಬಲ್ಲಿಗೆ ಕತೆ ಬಂದು ನಿಂತಾಗ ನಾನು ಪುಸ್ತಕ ಮುಚ್ಚಿ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ಮುಗಿಯುವುದು ಮಸೀದಿಯ ಕೆರೆಯಲ್ಲಿ.

ಇದನ್ನು ಓದಿ ಎಂದು ಗೆಳತಿಗೆ ಕೊಟ್ಟಾಗ ಅವಳೆಂದಳು, "ಇದೆಲ್ಲ ಹಳೇ ಕಾಲದ್ದು. ಈಗ ಮೂರು ತಲಾಖ್ ಎಲ್ಲಿ ಉಂಟು?" ನಿಜ, 2017ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ತಲಾಖನ್ನು ಅಸಿಂಧು ಎಂದಿತು, 2019ರಲ್ಲಿ ಕಾನೂನೇ ಬಂತು. ಆದರೆ ಈ ಕಾದಂಬರಿ ಕಾನೂನಿನ ಪಾಠವಾಗಿದ್ದರೆ ಅವತ್ತೇ ಹಳತಾಗಿಬಿಡಬೇಕಿತ್ತು. ನಾನು ಓದಿದಂತೆ ಅದರ ಪ್ರಶ್ನೆ ಬೇರೆಯೇ. ತಂದೆ ನಿರ್ಧರಿಸುತ್ತಾನೆ, ಊರ ಹಿರಿಯರು ನಿರ್ಧರಿಸುತ್ತಾರೆ. ನಾದಿರಾಳನ್ನು "ನಿನಗೇನು ಬೇಕು ಮಗಾ?" ಎಂದು ಕೇಳಿ, ಅವಳ ಉತ್ತರಕ್ಕೆ ಕಾಯುವವರು ಯಾರೂ ಇಲ್ಲ. ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಬೇಕು ಎಂದು ನಮಗೆ ಮದ್ರಸದಲ್ಲಿ ಕಲಿಸಿದ್ದಾರಲ್ಲ, ಆ ಕಲಿತ ಮಾತನ್ನು ಮನೆಯ ಜಗಲಿಗೆ ತಂದು ನಿಲ್ಲಿಸಿದರೆ ಏನಾಗುತ್ತದೆ ಎಂಬುದೇ ಈ ಕತೆ. ನನಗಂತೂ ಅದರಲ್ಲಿ ದೀನಿಗೆ ವಿರುದ್ಧವಾದದ್ದು ಕಾಣಲಿಲ್ಲ. ದೀನನ್ನು ಅರ್ಧ ಮಾತ್ರ ನೆನಪಿಟ್ಟುಕೊಂಡ ಗಂಡಸರು ಕಂಡರು.

ಅದಾದ ಮೇಲೆ ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಓದಿದೆ. ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 12 ಕತೆಗಳ ಸಂಕಲನಕ್ಕೆ ಹೆಸರು ಕೊಟ್ಟದ್ದು ಇದೇ ಕತೆ. ಇಲ್ಲಿ ಮೆಹರುನ್ ಎಂಬಾಕೆ ಗಂಡ ಬೇರೆ ಹೆಣ್ಣಿನ ಹಿಂದೆ ಹೋದನೆಂದು ಮಗುವನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಒಂದು ರಾತ್ರಿಯೂ ಇರಲು ಬಿಡದೆ ವಾಪಸು ಕರೆದೊಯ್ದು ಬಿಟ್ಟು ಬರುತ್ತಾರೆ. ಎರಡನ್ನೂ ಒಂದರ ಹಿಂದೆ ಒಂದು ಓದಿದ್ದರಿಂದ ನನಗೆ ಹೊಳೆದದ್ದು ಇದು: ನಾದಿರಾಳಿಗೆ ಗಂಡನ ಮನೆಗೆ ಹೋಗಬೇಕು, ತವರು ಬಿಡುವುದಿಲ್ಲ. ಮೆಹರುನ್‌ಗೆ ತವರಿನಲ್ಲಿ ನಿಲ್ಲಬೇಕು, ತವರು ನಿಲ್ಲಿಸಿಕೊಳ್ಳುವುದಿಲ್ಲ. ಒಂದು ಕಾಸರಗೋಡಿನ ಕಡೆಯ ಕತೆ, ಇನ್ನೊಂದು ಬರೆದವರ ಊರು ಹಾಸನ. ಇಬ್ಬರು ಲೇಖಕಿಯರ ಕನ್ನಡವೂ ಬೇರೆ, ಅವರ ಪಾತ್ರಗಳ ಮನೆಮಾತೂ ಬೇರೆ. ಆದರೂ ಕೇಳುವವರಿಲ್ಲ ಎಂಬಲ್ಲಿ ಇಬ್ಬರೂ ಹೆಣ್ಣುಮಕ್ಕಳು ಒಂದೇ ಜಗಲಿಯಲ್ಲಿ ನಿಂತಿದ್ದಾರೆ. ಮೆಹರುನ್‌ಳನ್ನು ಕೊನೆಗೆ ತಡೆದು ನಿಲ್ಲಿಸುವುದು ಅವಳ ಮಗಳು ಸಲ್ಮಾ. ಹೆಚ್ಚುಕಡಿಮೆ ನಮ್ಮದೇ ಪ್ರಾಯದ ಹುಡುಗಿ. ಸೀಮೆಎಣ್ಣೆ ಸುರಿದುಕೊಂಡ ತಾಯಿಯ ಎದುರು ಎಳೆಮಗುವನ್ನು ಹಿಡಿದು ನಿಂತ ಆ ಹುಡುಗಿಗೆ ಮರುದಿನ ಶಾಲೆಗೆ ಹೋಗಲಿಕ್ಕೆ ಆಯಿತಾ ಎಂದು ನಾನು ತುಂಬ ದಿನ ಯೋಚಿಸಿದ್ದೇನೆ.

'ನಮ್ಮ ಮನೆಯ ಕತೆ' ಎಂದು ನಾನು ಸಲೀಸಾಗಿ ಹೇಳುತ್ತಿರುವುದರಲ್ಲೂ ಒಂದು ಸಣ್ಣ ಮೋಸ ಉಂಟು. ಬಾನು ಅವರ ಪಾತ್ರಗಳು ಹಳೆಮೈಸೂರು ಕಡೆಯವರು, ಮನೆಯಲ್ಲಿ ದಖ್ಖನಿ ಉರ್ದು ಆಡುವವರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಹೆಚ್ಚಿನವರ ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ಅವರ 'ಬುವಾ', 'ಆಪಾ'ಗಳು ನನಗೆ ಹೊಸಬರು. ಮದುಮಗ ಹೆಣ್ಣಿನ ಮನೆಗೆ ಬಂದಿರುವ ನಮ್ಮ ಕಡೆಯ ಪದ್ಧತಿ ಅವರ ಕತೆಗಳಲ್ಲಿಲ್ಲ. 'ಮುಸ್ಲಿಂ ಕತೆ' ಎಂದು ಒಂದೇ ಡಬ್ಬಿಗೆ ಹಾಕುವವರು ಇದನ್ನು ಗಮನಿಸುವುದಿಲ್ಲ. ಹೊರಗಿನವರು ಗಮನಿಸದಿದ್ದರೆ ಹೋಗಲಿ, ನಾವಾದರೂ ಗಮನಿಸಬೇಡವೇ?

ಹಾಗಿದ್ದೂ ಕತೆ ದಾಟಿ ಬರುತ್ತದೆ ಎಂಬುದಕ್ಕೆ ನನ್ನ ಸಾಕ್ಷಿ ನಮ್ಮ ಉಮ್ಮ. ಉಮ್ಮ ಬೀಡಿ ಕಟ್ಟುತ್ತಾರೆ. ಕನ್ನಡ ಓದುವುದು ನಿಧಾನ, ಕೇಳುವುದು ಚುರುಕು. ಒಂದು ಸಂಜೆ ಅವರು ಎಲೆ ಕತ್ತರಿಸುತ್ತಿದ್ದಾಗ ಬಾನು ಅವರ ಕಫನ್ ಬಟ್ಟೆಯ ಕತೆಯನ್ನು ಜೋರಾಗಿ ಓದಿ ಹೇಳಿದೆ. ಹಜ್‌ಗೆ ಹೊರಟ ಶಾಝಿಯಾಳ ಕೈಗೆ ಬಡವಿ ಯಾಸೀನ್ ಬುವಾ ತಾನು ಕೂಡಿಟ್ಟ ದುಡ್ಡು ಕೊಟ್ಟು, ತನಗೊಂದು ಝಮ್‌ಝಮ್‌ನಲ್ಲಿ ಅದ್ದಿದ ಕಫನ್ ತಂದುಕೊಡು ಎನ್ನುತ್ತಾಳೆ. ಶಾಝಿಯಾ ಹಜ್ ಮುಗಿಸಿ ಬರುತ್ತಾಳೆ, ಕಫನ್ ಬರುವುದಿಲ್ಲ. ಬುವಾ ತೀರಿಕೊಂಡ ದಿನ ಅವಳ ಮಗ ಅದನ್ನು ಕೇಳಿಕೊಂಡು ಬಾಗಿಲಿಗೆ ಬರುತ್ತಾನೆ. ನಾನು ಓದಿ ಮುಗಿಸಿದ ಮೇಲೂ ಉಮ್ಮನ ಕತ್ತರಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಅವಳಿಗೆ ಮರೆತದ್ದು ಯಾಕೆ ಗೊತ್ತುಂಟಾ? ಕೊಟ್ಟವಳು ಬಡವಿ. ಯಾರಾದರೂ ದೊಡ್ಡವರು ಹೇಳಿದ್ದರೆ ಮೊದಲು ಅದನ್ನೇ ತರುತ್ತಿದ್ದಳು." ಇಂಟರ್ನೆಟ್ಟಿನಲ್ಲಿ ಈ ಪುಸ್ತಕದ ವಿಮರ್ಶೆಗಳನ್ನು ನಾನು ಓದಿದ್ದೇನೆ. ಇಷ್ಟು ನೇರವಾಗಿ ಹೇಳಿದ್ದು ಕಾಣಲಿಲ್ಲ.

ಉಮ್ಮನ ಮಾತಿನ ನಂತರ 'ಕೆಂಪು ಲುಂಗಿ' ಕತೆಯನ್ನು ಇನ್ನೊಮ್ಮೆ ಓದಿದೆ. ರಜೆಯಲ್ಲಿ ಮನೆ ತುಂಬ ಮಕ್ಕಳು, ಅವರಿಗೆಲ್ಲ ಸುನ್ನತ್ ಮಾಡಿಸುವ ಗಡಿಬಿಡಿ. ಬಡ ಹುಡುಗರಿಗೆ ಮಸೀದಿಯಲ್ಲಿ ಸಾಮೂಹಿಕವಾಗಿ, ಗಾಯಕ್ಕೆ ಬೂದಿ. ಶ್ರೀಮಂತರ ಮಗನಿಗೆ ಆಸ್ಪತ್ರೆಯಲ್ಲಿ ಡಾಕ್ಟರ ಕೈಯಿಂದ. ಬೇಗ ವಾಸಿಯಾಗಿ ಓಡಾಡುವುದು ಬೂದಿ ಹಚ್ಚಿಸಿಕೊಂಡ ಹುಡುಗ. ಓದುವಾಗ ನಗು ತಡೆಯಲಿಕ್ಕಾಗುವುದಿಲ್ಲ, ನಕ್ಕ ಮೇಲೆ ಸಂಕಟ. ಇದರಲ್ಲಿ ತಲಾಖ್ ಇಲ್ಲ, ಹೊಡೆಯುವ ಗಂಡನಿಲ್ಲ. ಇರುವವರು, ಇಲ್ಲದವರು, ಅಷ್ಟೇ. ಬಾನು ಅವರನ್ನು 'ಮುಸ್ಲಿಂ ಹೆಣ್ಣುಮಕ್ಕಳ ನೋವು ಬರೆದವರು' ಎಂದಷ್ಟೇ ಪರಿಚಯಿಸುವವರಿಗೆ ಈ ಕತೆ ಉತ್ತರ.

ನನಗೆ ಒಪ್ಪಿಗೆಯಾಗದ್ದೂ ಇದೆ. ಅವರ ಕೆಲವು ಕತೆಗಳಲ್ಲಿ ಗಂಡಸರು ಒಂದೇ ಅಚ್ಚಿನಲ್ಲಿ ಹೊಯ್ದವರಂತೆ ಕಾಣುತ್ತಾರೆ. ಗೋಬಿ ಮಂಚೂರಿಗಾಗಿ ಹಂಬಲಿಸುವ ಅರೇಬಿಕ್ ಮೇಷ್ಟ್ರು ಮೊದಲು ನಗಿಸುತ್ತಾನೆ. ಅದನ್ನು ಮಾಡಲು ಬಾರದ ಹೆಂಡತಿಯ ಮೇಲೆ ಕೈಯೆತ್ತಿದ ಮೇಲೆ ಅವನು ಬರೀ ಕೆಟ್ಟವನಾಗಿ ಉಳಿಯುತ್ತಾನೆ. ಆ ಆಸೆ ಅವನಿಗೆ ಎಲ್ಲಿಂದ ಬಂತು, ಅವನ ಬಾಲ್ಯ ಎಂಥದ್ದು ಎಂದು ತಿಳಿಯಬೇಕೆನಿಸಿತು. ನನ್ನ ಉಪ್ಪ ಹದಿನಾಲ್ಕು ವರ್ಷದಿಂದ ದಮಾಮ್‌ನಲ್ಲಿದ್ದಾರೆ. ಶುಕ್ರವಾರ ಫೋನ್ ಮಾಡಿ ನನ್ನ ಮಾರ್ಕ್ಸ್ ಕೇಳುತ್ತಾರೆ, ಪುಸ್ತಕಕ್ಕೆ ದುಡ್ಡು ಬೇಕಾ ಎಂದೂ ಕೇಳುತ್ತಾರೆ. ಅಂಥ ಒಬ್ಬ ಗಂಡಸು ಈ ಕತೆಗಳಲ್ಲಿ ನನಗೆ ಸಿಗಲಿಲ್ಲ. ಇದನ್ನು ನಾನು ದೂರು ಎಂದು ಹೇಳುತ್ತೇನೆಯೇ ಹೊರತು ಪುಸ್ತಕ ಓದಬಾರದೆಂಬ ಕಾರಣವಾಗಿ ಅಲ್ಲ. ದೂರು ಹೇಳಬೇಕಾದರೂ ಓದಿರಬೇಕಲ್ಲ.

ಮನೆಯ ಮಾತು ಬೀದಿಗೆ ಎಂಬ ಆಕ್ಷೇಪಕ್ಕೆ ಒಂದು ಹಳೆಯ ಕತೆ ಇದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಮಗೆ ಹೇಳಿಕೊಡುವ 'ಇಂದಿರಾಬಾಯಿ' 1899ರಲ್ಲಿ ಬಂದದ್ದು ನಮ್ಮ ಮಂಗಳೂರಿನಿಂದಲೇ. ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದ ಸಾರಸ್ವತರು. ಬರೆದದ್ದು ತಮ್ಮದೇ ಸಮಾಜದ ವಿಧವೆಯ ಮರುಮದುವೆಯ ಬಗ್ಗೆ. 1976ರಲ್ಲಿ ಎಂ.ಕೆ. ಇಂದಿರಾ 'ಫಣಿಯಮ್ಮ' ಬರೆದಾಗಲೂ ತೆರೆದದ್ದು ತಮ್ಮ ಮನೆಯ ಬಾಗಿಲನ್ನೇ. ಇವತ್ತು ಅವುಗಳನ್ನು ಓದಿ ಆ ಸಮುದಾಯದವರೆಲ್ಲ ಕೆಟ್ಟವರು ಎಂದು ಯಾರೂ ಹೇಳುವುದಿಲ್ಲ. ನಮ್ಮ ಕತೆ ಓದಿದರೆ ಹಾಗೆ ಹೇಳುವವರು ಇದ್ದಾರೆ, ಅದು ನನಗೂ ಗೊತ್ತು. ಬಸ್ಸಿನಲ್ಲಿ ಸ್ಕಾರ್ಫ್ ಹಾಕಿ ಕೂತವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಆ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಪುಸ್ತಕ ಮುಚ್ಚಿಟ್ಟರೆ ನಮ್ಮ ಬಗ್ಗೆ ಮಾತಾಡುವವರು ಅವರೊಬ್ಬರೇ ಉಳಿಯುತ್ತಾರೆ.

ಈ ಮಾತಿಗೆ ಬೊಳುವಾರು ಮಹಮದ್ ಕುಂಞಿ ನನಗೆ ತುಂಬ ಧೈರ್ಯ ಕೊಟ್ಟರು. ಪುತ್ತೂರಿನ ಕಡೆಯವರು. ಅವರ 'ಮುತ್ತುಪ್ಪಾಡಿ' ಯಾವ ಮ್ಯಾಪಿನಲ್ಲೂ ಇಲ್ಲ, ಆದರೆ ವಿಟ್ಲ, ಉಪ್ಪಿನಂಗಡಿ, ವೇಣೂರು ಎಲ್ಲಿಂದ ಬಂದವರಿಗೂ ಅದು ತಮ್ಮ ಪಕ್ಕದ ಊರೇ ಅನಿಸುತ್ತದೆ. ಅಲ್ಲಿ ಮುಸ್ಲಿಮರೂ ಹಿಂದೂಗಳೂ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ, ಜಗಳವಾಡುತ್ತಾರೆ, ಮತ್ತೆ ಒಂದೇ ಅಂಗಡಿಯಲ್ಲಿ ಚಾ ಕುಡಿಯುತ್ತಾರೆ. ದೇಶ ವಿಭಜನೆಯ ಕಾಲಕ್ಕೆ ಅಲ್ಲಿಂದ ಓಡಿಬಂದು ಮುತ್ತುಪ್ಪಾಡಿ ಸೇರುವ ಚಾಂದ್ ಅಲಿಯ ಕತೆ 'ಸ್ವಾತಂತ್ರ್ಯದ ಓಟ'ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಡುವೆ ನನಗೆ ಕೆಲವು ಕಡೆ ಆಕಳಿಕೆಯೂ ಬಂತು. ಅಷ್ಟು ಪಾತ್ರಗಳನ್ನು ನೆನಪಿಟ್ಟುಕೊಳ್ಳಲು ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರು ಬರೆದುಕೊಂಡೆ. ಆದರೆ ಸಿಟ್ಟಿನ ಮಾತನ್ನು ನಗುತ್ತಾ ಹೇಳುವುದು ಹೇಗೆಂದು ಕಲಿಯಬೇಕಾದರೆ ಅವರನ್ನೇ ಓದಬೇಕು.

ಇಷ್ಟೆಲ್ಲ ಓದಿದ ಮೇಲೂ ನನಗೆ ಬೇಕಾದ ಒಂದು ಕತೆ ಸಿಕ್ಕಿಲ್ಲ. ಉಪ್ಪ ಗಲ್ಫಿನಲ್ಲಿ, ಉಮ್ಮ ಬೀಡಿಯ ಸೂಪಿನ ಮುಂದೆ, ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಓಡುವ ಹುಡುಗಿ; ಮನೆಯಲ್ಲಿ ಬ್ಯಾರಿಯಲ್ಲಿ ಬೈಸಿಕೊಂಡು, ಕಂಡಕ್ಟರನ ಹತ್ತಿರ ತುಳುವಿನಲ್ಲಿ ಚಿಲ್ಲರೆಗೆ ಜಗಳವಾಡಿ, ಕ್ಲಾಸಿನಲ್ಲಿ ಕನ್ನಡದಲ್ಲಿ ಉತ್ತರ ಹೇಳುವವಳು. ಬಿ.ಕಾಂ. ಮಾಡಬೇಕೆಂಬ ಅವಳ ಆಸೆಗೂ ಮನೆಗೆ ಬರುವ ಸಂಬಂಧಗಳಿಗೂ ನಡುವೆ ಅವಳು ಏನು ಮಾಡುತ್ತಾಳೆ? ನಮ್ಮ ಕಾಲೇಜಿನ ಅರ್ಧದಷ್ಟು ಹುಡುಗಿಯರಿಗೆ ಈ ಕತೆ ಬಾಯಿಪಾಠ. ಬರೆದವರನ್ನು ನಾನು ಕಂಡಿಲ್ಲ. ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಹಬ್ಬದ ಮಹತ್ವ, ಪರಿಸರ ಸಂರಕ್ಷಣೆ ಎಂದು ಬರೆಯಲು ಕೂತಿರುವವರು ಸ್ವಲ್ಪ ಯೋಚಿಸಿ.

'ಚಂದ್ರಗಿರಿಯ ತೀರದಲ್ಲಿ' ಸೋಮವಾರ ಗ್ರಂಥಾಲಯಕ್ಕೆ ವಾಪಸು ಬರುತ್ತದೆ. 'ಸ್ವಾತಂತ್ರ್ಯದ ಓಟ' ಅಲ್ಲೇ ಕಪಾಟಿನ ಕೆಳಗಿನ ಸಾಲಿನಲ್ಲಿದೆ. ದಪ್ಪಕ್ಕೆ ಹೆದರಬೇಡಿ, ಆದರೆ ನಿಂತುಕೊಂಡು ಹೋಗುವ ಬಸ್ಸಿಗೆ ಮಾತ್ರ ಒಯ್ಯಬೇಡಿ.