ಹಿತ್ತಿಲ ಬಾಗಿಲು ಹಾಕಿದ್ದೀರಾ?



ಕಂಪ್ಯೂಟರ್ ಕೆಟ್ಟರೆ ಸಾಕು, "ಕೊನೆಗೆ ಕೂತಿದ್ದವರು ಯಾರು?" ಅಂತ ಕೇಳುವುದು ಎಲ್ಲ ಕಡೆ ರೂಢಿ. ಮನೆಯಲ್ಲಾದರೆ ತಮ್ಮ ಸಿಕ್ಕಿಬೀಳುತ್ತಾನೆ, ಶಾಲೆಯಲ್ಲಾದರೆ ಹಿಂದಿನ ಬೆಂಚಿನವರು. ಈ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬೆಲ್ ಹೊಡೆಯೋವರೆಗೆ ನಿಂತು ಓದಿ.

ವೈರಸ್ ಅಂದ್ರೆ ಎಲ್ಲರಿಗೂ ಗೊತ್ತು. ಆದರೆ ಏನನ್ನೂ ಕೆಡಿಸದೆ ಸುಮ್ಮನೆ ಒಳಗೆ ಕೂತಿರುವ ಒಂದು ಜಾತಿ ಇದೆ. ಅದಕ್ಕೆ ಬ್ಯಾಕ್‌ಡೋರ್ ಅನ್ನುತ್ತಾರೆ, ಅಂದರೆ ಹಿತ್ತಿಲ ಬಾಗಿಲು. ನಾವು ಮುಂಬಾಗಿಲಿಗೆ ಪಾಸ್‌ವರ್ಡ್ ಎಂಬ ಬೀಗ ಹಾಕಿ ನಿಶ್ಚಿಂತೆಯಿಂದ ಇರುತ್ತೇವೆ. ಇದು ಒಳಗಿನಿಂದಲೇ ಹಿತ್ತಿಲ ಅಗುಳಿ ತೆಗೆದು, ಎಲ್ಲೋ ದೂರದಲ್ಲಿ ಕೂತವನನ್ನು "ಬಾ" ಅಂತ ಕರೆಯುತ್ತೆ. ಅವನು ಬಂದು ನಮ್ಮ ಫೈಲು ಓದಬಹುದು, ಅಳಿಸಬಹುದು, ನಾವು ಒತ್ತುವ ಒಂದೊಂದು ಅಕ್ಷರವನ್ನೂ ಬರೆದುಕೊಳ್ಳಬಹುದು. ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ, ತನ್ನ ಕದ್ದ ಸಾಮಾನನ್ನು ತಂದು ನಮ್ಮ ಅಟ್ಟದ ಮೇಲೆ ಇಟ್ಟು ಹೋಗಬಹುದು.

1998ರಲ್ಲಿ ಇಂಥ ಎರಡು ಬಹಳ ಹೆಸರು ಮಾಡಿದವು. ಒಂದು ಬ್ಯಾಕ್ ಒರಿಫಿಸ್, ಅಮೆರಿಕದ ಹ್ಯಾಕರುಗಳ ಗುಂಪೊಂದು ಮಾಡಿದ್ದು. ಇನ್ನೊಂದು ನೆಟ್‌ಬಸ್, ಸ್ವೀಡನ್ನಿನ ಒಬ್ಬ ಪ್ರೋಗ್ರಾಮರ್ ಬರೆದದ್ದು. ನೆಟ್‌ಬಸ್ ಹೊಕ್ಕ ಯಂತ್ರದಲ್ಲಿ ಸಿ.ಡಿ. ಟ್ರೇ ತನ್ನಷ್ಟಕ್ಕೆ ಬಾಯಿ ತೆರೆಯುತ್ತಿತ್ತು, ಮೌಸಿನ ಎಡಗುಂಡಿ ಬಲಗುಂಡಿ ಅದಲುಬದಲಾಗುತ್ತಿತ್ತು. ದೆವ್ವ ಹೊಕ್ಕಿದೆ ಅಂದರೂ ನಂಬಬೇಕು! ಬಿಲದಿಂದ ಇಣುಕುವ ಪ್ರಾಣಿಯನ್ನು ಸುತ್ತಿಗೆಯಿಂದ ಬಡಿಯುವ ಪುಟ್ಟ ಆಟವೊಂದರ ಒಳಗೆ ಅದನ್ನು ಬಚ್ಚಿಟ್ಟು ಹಂಚಿದರು. ಆಡುವವನು ಪರದೆಯ ಮೇಲೆ ಬಡಿಯುತ್ತಿದ್ದಾಗ, ನಿಜವಾದ ಹೆಗ್ಗಣ ಅವನ ಮನೆಯಲ್ಲೇ ಬಿಲ ತೋಡುತ್ತಿತ್ತು. ಬರೆದವರು ತಮಾಷೆಗೆ ಮಾಡಿದ್ದು ಅಂದರಂತೆ.

ತಮಾಷೆ ಎಲ್ಲಿಗೆ ಹೋಯಿತು ನೋಡಿ. 1999ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ವಿದ್ವಾಂಸರೊಬ್ಬರ ಕಂಪ್ಯೂಟರಿನಲ್ಲಿ ಸುಮಾರು 3,500 ಅಸಹ್ಯ ಚಿತ್ರಗಳು ಸಿಕ್ಕವು, ಇಟ್ಟುಕೊಳ್ಳುವುದೇ ಅಪರಾಧವಾದಂಥವು. ಕಂಪ್ಯೂಟರ್ ಅವರದ್ದು, ಕುರ್ಚಿ ಅವರದ್ದು, ಇನ್ನೇನು ಸಾಕ್ಷಿ ಬೇಕು? ಹೆಸರು ಹೊರಗೆ ಬಂತು, ಕೆಲಸ ಹೋಯಿತು, ಅವರು ದೇಶವನ್ನೇ ಬಿಟ್ಟರು. ಆ ಯಂತ್ರವನ್ನು ನೆಟ್‌ಬಸ್ ಮೂಲಕ ಹೊರಗಿನಿಂದ ನಡೆಸಲಾಗಿತ್ತು ಅಂತ ನ್ಯಾಯಾಲಯ ಕಂಡುಕೊಂಡು ಅವರನ್ನು ಬಿಡುಗಡೆ ಮಾಡಿದ್ದು 2004ರ ಕೊನೆಗೆ. ಐದು ವರ್ಷ! ಕಾನೂನು ಓದಿದವರ ಗತಿಯೇ ಹೀಗಾದರೆ ಎಂಟನೇ ಕ್ಲಾಸಿನ ಹುಡುಗ ಏನಂತ ವಾದ ಮಾಡಬೇಕು?

ಇನ್ನು ತೆಗೆಯುವ ವಿಚಾರ. ಅನುಮಾನ ಬಂದ ಕೂಡಲೇ ಇಂಟರ್‌ನೆಟ್ ವಯರು ಕೀಳಬೇಕು, ವೈಫೈ ಆರಿಸಬೇಕು. ಹೊರಗಿನವನ ದಾರಿ ಅಲ್ಲಿಗೆ ಕಡಿಯಿತು. ಆಮೇಲೆ ಬೇರೆ ಯಂತ್ರದಲ್ಲಿ ಕೂತು ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಅದೇ ಯಂತ್ರದಲ್ಲಿ ಬದಲಾಯಿಸಿದರೆ ಹೊಸ ಬೀಗದ ಕೈಯನ್ನೂ ಕಳ್ಳನ ಕೈಗೇ ಕೊಟ್ಟ ಹಾಗೆ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟಾಟ್ ಅಂತ ಹೊಡೆದು ಯಾವ ಯಾವ ಸಂಪರ್ಕ ತೆರೆದಿದೆ ಅಂತ ನೋಡುವವರೂ ಇದ್ದಾರೆ. ಅದು ವಯರು ಕೀಳುವ ಮುಂಚೆ ಆಗಬೇಕಾದ ಕೆಲಸ. ನೆಟ್‌ಬಸ್ 12345 ಎಂಬ ನಂಬರಿನಲ್ಲಿ ಕಾಯುತ್ತಿದ್ದರಿಂದ ಹಿಡಿಯುವುದು ಸುಲಭವಿತ್ತು. ಈಗಿನ ಎಷ್ಟೋ ಬ್ಯಾಕ್‌ಡೋರುಗಳು ಹಾಗೆ ಕಾಯುವುದಿಲ್ಲ, ತಾವೇ ಒಡೆಯನಿಗೆ ಫೋನ್ ಮಾಡುತ್ತವೆ.

ಬಹಳ ಜನ ಆ ಫೈಲನ್ನು ಡಿಲೀಟ್ ಮಾಡಿ "ಆಯ್ತು ಬಿಡಿ" ಅಂತಾರೆ. ಆಗಲಿಲ್ಲ. ಯಂತ್ರ ಶುರುವಾದಾಗಲೆಲ್ಲ ತಾನೂ ಏಳುವಂತೆ ಅದು ವಿಂಡೋಸಿನ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿರುತ್ತೆ, ಇನ್ನೊಂದು ಕಡೆ ತನ್ನ ನಕಲನ್ನೂ ಇಟ್ಟಿರಬಹುದು. ವಿಂಡೋಸಿನ ಜೊತೆಗೇ ಬರುವ ಡಿಫೆಂಡರಿನಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ. ವಿಂಡೋಸ್ ಏಳುವ ಮುಂಚೆಯೇ ಹುಡುಕುವುದರಿಂದ, ಎದ್ದ ಮೇಲೆ ಬಚ್ಚಿಟ್ಟುಕೊಳ್ಳುವಂಥವೂ ಅದಕ್ಕೆ ಸಿಗಬಹುದು. ಅದನ್ನು ಖಂಡಿತ ಮಾಡಿ. ಆದರೆ ಕಳ್ಳ ಒಂದು ತಿಂಗಳು ಮನೆಯೊಳಗೆ ಓಡಾಡಿದ್ದರೆ, ಹಿತ್ತಿಲ ಬಾಗಿಲ ಜೊತೆಗೆ ಒಂದು ಕಿಟಕಿಯ ಸರಳನ್ನೂ ಸಡಿಲ ಮಾಡಿಲ್ಲ ಅಂತ ಹೇಗೆ ಹೇಳೋದು? ಆಂಟಿವೈರಸ್ ಏನೂ ಇಲ್ಲ ಅಂದರೆ ಅದಕ್ಕೆ ಗೊತ್ತಿರುವುದು ಯಾವುದೂ ಇಲ್ಲ ಅಂತ ಅರ್ಥ, ಅಷ್ಟೆ.

ಆದ್ದರಿಂದ ನಾನು ಹೇಳುವುದು, ಪೂರ್ತಿ ಒರೆಸಿ ಹೊಸದಾಗಿ ಹಾಕಿ ಅಂತ. ಪಾಠದ ಟಿಪ್ಪಣಿ, ಅಂಕಪಟ್ಟಿ, ಫೋಟೋಗಳನ್ನು ಮಾತ್ರ ತೆಗೆದಿಟ್ಟು ಸ್ಕ್ಯಾನ್ ಮಾಡಿ. ಆಟಗಳನ್ನೂ ಪ್ರೋಗ್ರಾಮುಗಳನ್ನೂ ಉಳಿಸಬೇಡಿ. ಬೇರೆ ಶುದ್ಧ ಯಂತ್ರದಲ್ಲಿ ಮೈಕ್ರೋಸಾಫ್ಟಿನಿಂದಲೇ ಇಳಿಸಿಕೊಂಡ ವಿಂಡೋಸ್ ಹಾಕಿ. ಯಾರೋ ಕೊಟ್ಟ ಕ್ರ್ಯಾಕ್ ಮಾಡಿದ್ದು ಬೇಡ, ಅದರೊಳಗೇ ಇನ್ನೊಂದು ಬಾಗಿಲಿದ್ದರೆ? ಅರ್ಧ ದಿನದ ಕೆಲಸ ಅಂತ ದೊಡ್ಡವರು ಗೊಣಗುತ್ತಾರೆ. ಗೊಣಗಲಿ.

ಹಾಗಂತ ಮಕ್ಕಳ ಪಾಲು ಏನೂ ಇಲ್ಲ ಅಂತಲ್ಲ. ಪೆನ್‌ಡ್ರೈವಿನಲ್ಲಿ ಪುಕ್ಕಟೆ ಆಟ ತರುವವರು ನಮ್ಮಲ್ಲೇ ಇದ್ದಾರೆ. ಆದರೆ ಏಟು ಬೀಳುತ್ತೆ ಅಂತ ಗೊತ್ತಿದ್ದರೆ ಯಾರು ಬಾಯಿ ಬಿಡ್ತಾರೆ? ಏನು ಹಾಕಿದರು, ಯಾವತ್ತು ಹಾಕಿದರು ಅಂತ ತಿಳಿಯದಿದ್ದರೆ ಬಾಗಿಲು ಎಲ್ಲಿದೆ ಅಂತ ಹುಡುಕುವುದೂ ಕಷ್ಟ. ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ಕಂಪ್ಯೂಟರ್ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಕು, ಯಾರ ಪೆನ್‌ಡ್ರೈವ್, ಏನು ಹಾಕಿದರು ಅಂತ ನಾವೇ ಬರೆಯುತ್ತೇವೆ. ಅದನ್ನು ನೋಡಿ ಯಾರಿಗೂ ಹೊಡೆಯುವುದಿಲ್ಲ ಅಂತ ಮೊದಲ ಪುಟದಲ್ಲಿ ನೀವು ಬರೆದು ಸಹಿ ಹಾಕಿ. ನೋಟ್‌ಬುಕ್ ನಾನು ತರುತ್ತೇನೆ.

ಹತ್ತನೇ ತರಗತಿಯ ವಿದ್ಯಾರ್ಥಿನಿ