ಬೀಜಾಡಿಯ ಮಗುವಿಗೆ ಅಪ್ಪ ಮರಳಿ ಸಿಕ್ಕಿದ್ದು 604 ದಿನಗಳ ಬಳಿಕ

ಕುಂದಾಪುರ: 2021ರ ಆಗಸ್ಟ್ 18ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕುಂದಾಪುರ ತಾಲೂಕಿನ ಬೀಜಾಡಿಯ ವ್ಯಕ್ತಿಯೊಬ್ಬರು ಬಂದಿಳಿದರು. ಅವರ ಪತ್ನಿ ಮತ್ತು ಪುಟ್ಟ ಮಗಳು ಅಲ್ಲಿ ಕಾದಿದ್ದರು. ಸೌದಿ ಅರೇಬಿಯಾದಲ್ಲಿ 604 ದಿನಗಳ ಸೆರೆವಾಸ ಮುಗಿದಿತ್ತು. ದೊಡ್ಡವರ ಆಯುಷ್ಯದಲ್ಲಿ ಇಪ್ಪತ್ತು ತಿಂಗಳು ಚಿಕ್ಕ ಅವಧಿ ಇರಬಹುದು. ಎಳೆಯ ಮಗುವಿನ ಪಾಲಿಗೆ ಅದು ಬದುಕಿನ ದೊಡ್ಡ ಭಾಗ.

ದಮ್ಮಾಮ್‌ನಲ್ಲಿ ಹವಾನಿಯಂತ್ರಣ ಯಂತ್ರಗಳ ತಂತ್ರಜ್ಞರಾಗಿದ್ದ ಅವರನ್ನು 2019ರ ಡಿಸೆಂಬರ್‌ನಲ್ಲಿ ಬಂಧಿಸಲಾಯಿತು. ಮೆಕ್ಕಾ ಹಾಗೂ ಸೌದಿ ಯುವರಾಜರನ್ನು ನಿಂದಿಸುವ ಬರಹವನ್ನು ಫೇಸ್‌ಬುಕ್‌ನಲ್ಲಿ ಹಾಕಿದರೆಂಬುದು ಆರೋಪ. ಆದರೆ ಆ ಖಾತೆ ಅವರದ್ದಾಗಿರಲಿಲ್ಲ; ಅವರ ಹೆಸರಿನಲ್ಲಿ ಬೇರೆಯವರು ತೆರೆದ ನಕಲಿ ಖಾತೆಯಾಗಿತ್ತು.

ಈ ಪ್ರಕರಣವನ್ನು ಅಪಹರಣವೆನ್ನಲಾಗದು. 2015ರ ಜುಲೈನಲ್ಲಿ ಲಿಬಿಯಾದ ಸಿರ್ತೆ ಬಳಿ ಬಂದೂಕುಧಾರಿಗಳ ವಶವಾದ ನಾಲ್ವರು ಭಾರತೀಯ ಬೋಧಕರ ಪೈಕಿ ಕರ್ನಾಟಕದ ಇಬ್ಬರು ಎರಡೇ ದಿನಗಳಲ್ಲಿ ಬಿಡುಗಡೆ ಹೊಂದಿದರು. ಉಳಿದಿಬ್ಬರು ಹೊರಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಸೆರೆ ಹಿಡಿದವರಿಗೆ ಕಾನೂನಿನ ಹಂಗಿರಲಿಲ್ಲ. ಬೀಜಾಡಿಯವರನ್ನು ಹಿಡಿದದ್ದು ಕಾನೂನೇ. ಆದರೂ ನಿರಪರಾಧಿಯೊಬ್ಬರು ಹೊರಬರಲು ಸಿರ್ತೆಯ ಕೊನೆಯ ಒತ್ತೆಯಾಳುಗಳಿಗಿಂತ ಹೆಚ್ಚು ಕಾಲ ಹಿಡಿಯಿತು ಎಂಬುದು ಯೋಚಿಸಬೇಕಾದ ಸಂಗತಿ.

ಉಡುಪಿಯಲ್ಲಿ ಸಿಕ್ಕ ಸತ್ಯ

ಪತಿಯ ನಿರ್ದೋಷಿತ್ವದ ಹುಡುಕಾಟ ಆರಂಭವಾದದ್ದು ಊರಿನಿಂದಲೇ. ಪತ್ನಿ ನೀಡಿದ ದೂರಿನಂತೆ ಉಡುಪಿಯ ಸೆನ್ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ನಕಲಿ ಖಾತೆಯ ಜಾಡು ಹಿಡಿದ ಪೊಲೀಸರು 2020ರ ಅಕ್ಟೋಬರ್‌ನಲ್ಲಿ ಮೂಡುಬಿದಿರೆಯ ಇಬ್ಬರನ್ನು ಬಂಧಿಸಿದರು. ದಮ್ಮಾಮ್‌ನ ಸೆರೆಯ ಬೀಗಕ್ಕೆ ಬೇಕಾದ ಕೀಲಿಕೈ ಇದ್ದದ್ದು ಉಡುಪಿ ಜಿಲ್ಲೆಯ ಒಂದು ಠಾಣೆಯಲ್ಲಿ.

ಆದರೆ ಆ ಬಂಧನದ ಬಳಿಕವೂ ಅವರು ಮನೆ ಸೇರಲು ಹತ್ತು ತಿಂಗಳು ಬೇಕಾಯಿತು. ಭಾರತದ ಪೊಲೀಸರ ತೀರ್ಮಾನಕ್ಕೆ ಮತ್ತೊಂದು ದೇಶದ ನ್ಯಾಯಾಲಯ ಬದ್ಧವಲ್ಲ. ಇಂತಹ ದಾಖಲೆಗಳು ವಿದೇಶಾಂಗ ಸಚಿವಾಲಯ ಮತ್ತು ರಿಯಾದ್‌ನ ರಾಯಭಾರ ಕಚೇರಿಯ ಮೂಲಕವೇ ಸಾಗಬೇಕು; ಅರಬ್ಬಿ ಭಾಷೆಗೆ ತರ್ಜುಮೆಯಾಗಬೇಕು. ಕೊರೊನಾದಿಂದಾಗಿ ಕಚೇರಿಗಳ ಕೆಲಸವೂ ವಿಮಾನ ಸಂಚಾರವೂ ಅಸ್ತವ್ಯಸ್ತಗೊಂಡಿದ್ದ ಕಾಲವದು.

ಒಪ್ಪಂದಗಳಿದ್ದರೂ ಸಾಲದು

1963ರ ವಿಯೆನ್ನಾ ಒಡಂಬಡಿಕೆಯ 36ನೇ ವಿಧಿಯಂತೆ ಬಂಧಿತನನ್ನು ಭೇಟಿ ಮಾಡಿ ವಕೀಲರ ನೆರವು ಕಲ್ಪಿಸುವ ಹಕ್ಕು ದೂತಾವಾಸಕ್ಕಿದೆ. 2010ರಲ್ಲಿ ಭಾರತ ಮತ್ತು ಸೌದಿ ಅರೇಬಿಯಾ ಶಿಕ್ಷಿತ ಕೈದಿಗಳ ಹಸ್ತಾಂತರ ಒಪ್ಪಂದಕ್ಕೂ ಸಹಿ ಹಾಕಿವೆ. ಆದರೆ ಆ ಒಪ್ಪಂದ ಅನ್ವಯವಾಗುವುದು ಶಿಕ್ಷೆಗೊಳಗಾದವರಿಗೆ. ತಪ್ಪೇ ಮಾಡದವರಿಗೆ ಅದರಿಂದ ಪ್ರಯೋಜನವಿಲ್ಲ.

ಕಾನೂನುಗಳ ತೂಕದಲ್ಲೂ ಅಂತರವಿದೆ. ಸೌದಿಯ 2007ರ ಸೈಬರ್ ಅಪರಾಧ ತಡೆ ಕಾನೂನಿನಡಿ ಧಾರ್ಮಿಕ ಮೌಲ್ಯ ಹಾಗೂ ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷಗಳವರೆಗೆ ಸೆರೆವಾಸ ಹಾಗೂ 30 ಲಕ್ಷ ರಿಯಾಲ್‌ವರೆಗೆ ದಂಡ ವಿಧಿಸಬಹುದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಪರರ ಗುರುತನ್ನು ಕದ್ದವರಿಗೆ ಗರಿಷ್ಠ ಮೂರು ವರ್ಷ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಗುರುತು ಕದ್ದವನಿಗಿಂತ ಕಳೆದುಕೊಂಡವನೇ ಹೆಚ್ಚಿನ ಶಿಕ್ಷೆಯ ಭೀತಿಯಲ್ಲಿರಬೇಕಾದ ಸ್ಥಿತಿ ಇದು.

ಮಾಡಬೇಕಾದದ್ದು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಜನ ಹಿಂದೆ ಮುಂಬಯಿಯ ಹೋಟೆಲುಗಳಿಗೆ ಹೋದರು. ಆಮೇಲೆ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ಅಲ್ಲಿರುವವರಿಗೆ ಊರಿನ ಜಗಳದ ಕಿಡಿ ಮೊಬೈಲ್ ಮೂಲಕ ಕ್ಷಣಾರ್ಧದಲ್ಲಿ ತಲುಪುತ್ತದೆ. ಅದನ್ನು ಆರಿಸುವ ದಾಖಲೆ ಮಾತ್ರ ತಿಂಗಳುಗಟ್ಟಲೆ ತೆವಳುತ್ತದೆ. ಈ ಅಂತರವನ್ನು ತಗ್ಗಿಸುವುದು ಅಸಾಧ್ಯವೇನಲ್ಲ. ವಿದೇಶದಲ್ಲಿ ಒಬ್ಬರು ಸೆರೆಯಲ್ಲಿರುವಾಗ ಇಲ್ಲಿನ ತನಿಖೆಗೆ ಆದ್ಯತೆ ಸಿಗಬೇಕು. ಠಾಣೆಯಿಂದ ರಾಯಭಾರ ಕಚೇರಿಯವರೆಗೆ ದಾಖಲೆ ಯಾರ ಕೈಯಿಂದ, ಎಷ್ಟು ದಿನಗಳೊಳಗೆ ಸಾಗಬೇಕೆಂಬುದು ನಿಗದಿಯಾಗಬೇಕು. ಪ್ರಮಾಣೀಕೃತ ಅರಬ್ಬಿ ತರ್ಜುಮೆಯ ಹೊಣೆ ಕುಟುಂಬದ ಮೇಲೆ ಬೀಳಬಾರದು.

ವಿದೇಶದಲ್ಲಿರುವವರೂ ತಮ್ಮ ಹೆಸರಿನ ನಕಲಿ ಖಾತೆ ಕಂಡ ಕೂಡಲೇ ಪುಟದ ವಿಳಾಸ ಹಾಗೂ ಚಿತ್ರವನ್ನು ಉಳಿಸಿಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸುವುದು ಒಳಿತು. ಬಂಧನವಾದರೆ ಕುಟುಂಬದವರು 2015ರಲ್ಲಿ ಆರಂಭವಾದ ಕೇಂದ್ರದ ‘ಮದದ್’ ಜಾಲತಾಣದ ಮೂಲಕ ನೆರವು ಕೋರಬಹುದು.

ಬೀಜಾಡಿಯ ತಂದೆ ಮರಳಿದರು. ಸತ್ಯ ಗೆದ್ದಿತು ಎಂದು ಸಮಾಧಾನಪಡಬಹುದು. ಆದರೆ ಸತ್ಯ ತಿಳಿದ ಮೇಲೂ ಕಳೆದ ಹತ್ತು ತಿಂಗಳನ್ನು ಆ ಮಗುವಿಗೆ ಹಿಂದಿರುಗಿಸಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ಮುಂದಿನ ಮಗುವಿಗೆ ಅಷ್ಟು ಕಾಲ ನಷ್ಟವಾಗದಂತೆ ನೋಡಿಕೊಳ್ಳುವುದಷ್ಟೇ ವ್ಯವಸ್ಥೆಯ ಕೈಯಲ್ಲಿರುವುದು.